ನೀಲಿ ಬೆಂಕಿ, ಕುದಿಯುವ ಕೊಳ, ಕರಿ ಮರಳು: ಅಪಾಯದ ಚೆಲುವಿನ ತಾಣಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಥ ಜಾಗಗಳಿಗೆ ಹೊರಟವರು, ಹೋಗಬೇಕೆಂದು ಮನಸ್ಸು ಮಾಡಿ ಮನೆಯವರನ್ನು ಒಪ್ಪಿಸಲು ಹೆಣಗುತ್ತಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಏಕೆಂದರೆ ಅಲ್ಲಿ ಗೊತ್ತಿರಬೇಕಾದ್ದು ಹೆಚ್ಚಿದೆ.

ಅಪಾಯಕಾರಿ ಜಾಗಗಳು ಅಂತೀರಿ, ಎವರೆಸ್ಟ್ ಯಾಕಿಲ್ಲ?

ಎವರೆಸ್ಟ್ ಅಪಾಯ ಎಂದು ಎಲ್ಲರಿಗೂ ಗೊತ್ತು. ಅದನ್ನು ಹತ್ತುವವರು ವರ್ಷಗಟ್ಟಲೆ ತಯಾರಿ ಮಾಡಿಕೊಂಡೇ ಹೋಗುತ್ತಾರೆ. ನನ್ನ ಚಿಂತೆ ಬೇರೆ ಜಾಗಗಳದ್ದು. ಕಾರು ನಿಲ್ಲಿಸಿ ಹತ್ತು ನಿಮಿಷ ನಡೆದರೆ ಸಿಗುವಂಥವು, ಮಕ್ಕಳ ಕೈಹಿಡಿದು, ಚಪ್ಪಲಿ ಮೆಟ್ಟಿಕೊಂಡು, ಕ್ಯಾಮೆರಾ ನೇತುಹಾಕಿಕೊಂಡು ಹೋಗುವಂಥವು. ಅಲ್ಲಿ ಕಣ್ಣಿಗೆ ಹಬ್ಬವಾಗುವ ಬಣ್ಣ ಯಾವುದರಿಂದ ಬಂದಿದೆಯೋ ಪ್ರಾಣಕ್ಕೆ ಎರವಾಗುವುದೂ ಬಹುಪಾಲು ಅದೇ. ಅದೊಂದು ಅರ್ಥವಾದರೆ ಎಲ್ಲಿ ನಿಂತು ನೋಡಬೇಕು ಎಂಬುದೂ ಅರ್ಥವಾಗುತ್ತದೆ.

ಇಂಡೋನೇಷ್ಯಾದ ಇಜೆನ್‌ನಲ್ಲಿ ನೀಲಿ ಲಾವಾ ಹರಿಯುತ್ತದಂತೆ, ನಿಜವೇ?

ನೀಲಿ ಕಾಣುವುದು ನಿಜ, ಲಾವಾ ಎಂಬುದು ತಪ್ಪು. ಪೂರ್ವ ಜಾವಾದ ಬನ್ಯುವಾಂಗಿ ಬಳಿಯ ಇಜೆನ್ ಜ್ವಾಲಾಮುಖಿಯ ಬಾಯಿಯೊಳಗೆ ಬಂಡೆಯ ಬಿರುಕುಗಳಿಂದ ಗಂಧಕದ ಅನಿಲ ರಭಸವಾಗಿ ಹೊರಬರುತ್ತದೆ. ಅದರ ಬಿಸಿ 600 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ಗಾಳಿ ತಾಕಿದ ಕೂಡಲೇ ಹೊತ್ತಿಕೊಂಡು ನೀಲಿ ಜ್ವಾಲೆಯಾಗುತ್ತದೆ. ಸ್ವಲ್ಪ ಅನಿಲ ತಣಿದು ದ್ರವ ಗಂಧಕವಾಗಿ, ಉರಿಯುತ್ತಲೇ ಇಳಿಜಾರಿನಲ್ಲಿ ಹರಿಯುತ್ತದೆ. ದೂರದಿಂದ ನೀಲಿ ಲಾವಾ ಹರಿದಂತೆ ಕಾಣುವುದು ಅದೇ.

ಹಗಲಿನಲ್ಲಿ ಈ ಜ್ವಾಲೆ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಜನ ನಡುರಾತ್ರಿ ಕಳೆದ ಮೇಲೆ ಪಾಲ್ಟುಡಿಂಗ್ ಎಂಬಲ್ಲಿಂದ ಸುಮಾರು 3 ಕಿಲೋಮೀಟರ್ ಏರಿ, ಅಂಚು ತಲುಪಿ, ಅಲ್ಲಿಂದ ಕತ್ತಲಲ್ಲೇ ಬಂಡೆಗಳ ನಡುವೆ ಕುಳಿಯೊಳಕ್ಕೆ ಇಳಿಯುತ್ತಾರೆ. ಬೆಳಗಾದಾಗ ಕೆಳಗೆ ಹಸಿರು ಬೆರೆತ ನೀಲಿಯ ಕೆರೆ ಕಾಣಿಸುತ್ತದೆ. ಸುಮಾರು ಒಂದು ಕಿಲೋಮೀಟರ್ ಅಗಲ. ಅಷ್ಟು ಚೆಂದದ ನೀರಿನ ಪಿಎಚ್ (ಆಮ್ಲ, ಕ್ಷಾರಗಳ ಅಳತೆ; 7ಕ್ಕಿಂತ ಇಳಿದಷ್ಟೂ ಆಮ್ಲ, ಏರಿದಷ್ಟೂ ಕ್ಷಾರ) 1ಕ್ಕಿಂತ ಕಡಿಮೆ, ಅಂದರೆ ಕಾರಿನ ಬ್ಯಾಟರಿಯ ಆಮ್ಲದ ಸಮೀಪ. ಈ ಮಟ್ಟದ ಆಮ್ಲದ ಜ್ವಾಲಾಮುಖಿ ಕೆರೆಗಳಲ್ಲಿ ಜಗತ್ತಿಗೇ ದೊಡ್ಡದು ಇದು.

ಅಲ್ಲಿ ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡರೆ ಸಾಲದೇ?

ಸಾಲದು. ಗಂಧಕ ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ಗಾಳಿಗಿಂತ ಭಾರ. ಕುಳಿಯ ತಗ್ಗಿನಲ್ಲಿ ಅದು ನಿಲ್ಲುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಒಂದೇ ಉಸಿರಿನಲ್ಲಿ ನೀವು ಹೊಗೆಯ ನಡುವೆ ಇರುತ್ತೀರಿ, ಕಣ್ಣು ತೆರೆಯಲಾಗದು, ಬಂದ ದಾರಿ ಕಾಣದು. 2018ರ ಮಾರ್ಚ್‌ನಲ್ಲಿ ಅನಿಲ ಒಮ್ಮೆಲೇ ಹೆಚ್ಚಾಗಿ ಸುತ್ತಲಿನ ಹಳ್ಳಿಗಳ ಹಲವರು ಆಸ್ಪತ್ರೆ ಸೇರಿದ್ದರು. ಆಮ್ಲೀಯ ಅನಿಲ ತಡೆಯುವ ಫಿಲ್ಟರ್ ಇರುವ ಮುಖಕವಚ ಬೇಕು. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಟ್ಟು ಕನ್ನಡಕ ಹಾಕಿ. ಆಸ್ತಮಾ ಇರುವವರು ಅಂಚಿನಲ್ಲೇ ನಿಂತು ಬೆಳಗಿನ ಕೆರೆ ನೋಡಲಿ, ಕೆಳಗಿಳಿಯುವ ಮಾತೇ ಬೇಡ. ಅಂಚಿನಲ್ಲೂ ಹಿಂದೆ ನೋಡದೆ ಹೆಜ್ಜೆ ಸರಿಸಬೇಡಿ. 2024ರ ಏಪ್ರಿಲ್‌ನಲ್ಲಿ ಫೋಟೊಗೆ ನಿಂತಿದ್ದ ಪ್ರವಾಸಿಯೊಬ್ಬರು ಅಲ್ಲಿಂದಲೇ ಬಿದ್ದು ತೀರಿಕೊಂಡರು.

ಇನ್ನೊಂದು ಮಾತು. ಅದೇ ದಾರಿಯಲ್ಲಿ ಗಂಧಕದ ಗಟ್ಟಿಗಳನ್ನು ಬಿದಿರು ಬುಟ್ಟಿಗಳಲ್ಲಿ ತುಂಬಿ, ಹೆಗಲ ಮೇಲೆ 70ರಿಂದ 90 ಕಿಲೋ ಹೊತ್ತು ಏರುವ ಕೂಲಿಗಳು ಎದುರಾಗುತ್ತಾರೆ. ಆ ಗಂಧಕದ ಒಂದು ಪಾಲು ಹೋಗುವುದು ಸಕ್ಕರೆ ಬಿಳುಪು ಮಾಡಲು. ಎಷ್ಟೋ ಜನ ಬರೀ ಬಟ್ಟೆ ಕಚ್ಚಿಕೊಂಡು ಕೆಲಸ ಮಾಡುತ್ತಾರೆ. ಅವರಿಗೆ ದಾರಿ ಬಿಡಿ. ಹೆಗಲಲ್ಲಿ ಹೊರೆ ಇರುವಾಗ ನಿಲ್ಲಿಸಿ ಸೆಲ್ಫಿ ಕೇಳಬೇಡಿ.

ಯೆಲ್ಲೋಸ್ಟೋನ್‌ಗೆ ಹೆತ್ತವರನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಮರದ ಹಲಗೆ ದಾರಿ ಇದೆಯಲ್ಲ, ಭಯವೇನು?

ಅಮೆರಿಕದಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋದ ಅಪ್ಪ ಅಮ್ಮಂದಿರ ಪ್ರವಾಸದಲ್ಲಿ ಇದು ಇದ್ದೇ ಇರುತ್ತದೆ. ಹಲಗೆಯ ಮೇಲೆ ಇರುವವರೆಗೆ ಭಯವಿಲ್ಲ. ಇಳಿದ ಮರುಕ್ಷಣದಿಂದ ಇದೆ.

1872ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಜಾಗದಲ್ಲಿ ಬಿಸಿನೀರಿನ ಕೊಳ, ಬುಗ್ಗೆ, ಕೆಸರು ಕುಂಡ, ಹಬೆಯ ಬಿಲ ಎಲ್ಲ ಸೇರಿ 10,000ಕ್ಕೂ ಹೆಚ್ಚು ಇವೆ. ಇಲ್ಲಿನ ಕೊಳಗಳಲ್ಲಿ ಸುಟ್ಟು ಸತ್ತವರು 20ಕ್ಕೂ ಹೆಚ್ಚು ಜನ. ಕರಡಿಗಿಂತ, ಕಾಡೆಮ್ಮೆಗಿಂತ ಹೆಚ್ಚು ಪ್ರಾಣ ತೆಗೆದದ್ದು ಈ ತಿಳಿನೀಲಿ ನೀರು. ನೆಲ ಗಟ್ಟಿಯಾಗಿ ಕಾಣುತ್ತದೆ, ಆದರೆ ಎಷ್ಟೋ ಕಡೆ ಅದು ಕುದಿನೀರಿನ ಮೇಲೆ ಕಟ್ಟಿದ ಹಪ್ಪಳದಷ್ಟು ತೆಳು ಪದರ. 2016ರಲ್ಲಿ ನಾರಿಸ್ ಎಂಬ ಕಡೆ ಹಲಗೆ ಬಿಟ್ಟು ನಡೆದ 23ರ ಯುವಕನೊಬ್ಬ ಜಾರಿ ಬಿದ್ದ. ಮರುದಿನ ಹುಡುಕಿದಾಗ ದೇಹವೇ ಸಿಗಲಿಲ್ಲ, ಬಿಸಿಯಾದ ಆಮ್ಲದ ನೀರು ಕರಗಿಸಿಬಿಟ್ಟಿತ್ತು. 1981ರಲ್ಲಿ ಕೊಳಕ್ಕೆ ಹಾರಿದ ನಾಯಿಯನ್ನು ಎಳೆದು ತರಲು ಒಬ್ಬರು ತಲೆಕೆಳಗಾಗಿ ಧುಮುಕಿದರು. ನಾಯಿಯೂ ಉಳಿಯಲಿಲ್ಲ, ಅವರೂ ಉಳಿಯಲಿಲ್ಲ. ಇದನ್ನು ಓದಿದಾಗೆಲ್ಲ ಹೊಟ್ಟೆ ಕಿವುಚುತ್ತದೆ. ಟೋಪಿ ಗಾಳಿಗೆ ಹಾರಿದರೆ, ಫೋನು ಕೈಜಾರಿದರೆ ಹೋಗಲಿ ಬಿಡಿ. ಮಕ್ಕಳ ಕೈ ಮಾತ್ರ ಬಿಡಬೇಡಿ.

ಆ ಬಣ್ಣಗಳ ಗುಟ್ಟೂ ತಿಳಿದಿರಲಿ. ಗ್ರಾಂಡ್ ಪ್ರಿಸ್ಮ್ಯಾಟಿಕ್ ಕೊಳದ ನಡುವಿನ ನೀಲಿ ಎಂದರೆ ತೀರಾ ಬಿಸಿ, ತೀರಾ ತಿಳಿ ನೀರು. ಅಂಚಿಗೆ ಬಂದಂತೆ ನೀರು ತಣಿಯುತ್ತದೆ, ಒಂದೊಂದು ಬಿಸಿಗೆ ಒಂದೊಂದು ಜಾತಿಯ ಸೂಕ್ಷ್ಮಜೀವಿ ನೆಲೆಯಾಗಿ ಹಳದಿ, ಕಿತ್ತಳೆ, ಕಂದು ಬಳೆಗಳಾಗುತ್ತವೆ. ಈ ಉದ್ಯಾನದ ಬಿಸಿ ಬುಗ್ಗೆಗಳಲ್ಲಿ 1960ರ ದಶಕದಲ್ಲಿ ಥಾಮಸ್ ಬ್ರಾಕ್ ಪತ್ತೆ ಮಾಡಿದ ಒಂದು ಬ್ಯಾಕ್ಟೀರಿಯಾದಿಂದಲೇ ಮುಂದೆ ಪಿಸಿಆರ್ ಪರೀಕ್ಷೆಗೆ ಬೇಕಾದ, ಬಿಸಿಗೆ ಕೆಡದ ಕಿಣ್ವ ದೊರೆಯಿತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ನಮಗೆಲ್ಲ ಆ ಕೊಳಗಳ ಋಣ ಇದೆ.

ಅಲ್ಲಿನ ಕಾಡೆಮ್ಮೆಗಳು ಸಾಧುವಂತೆ ಕಾಣುತ್ತವೆ...

ಕಾಣುತ್ತವೆ ಅಷ್ಟೇ. ಮನುಷ್ಯನಿಗಿಂತ ಮೂರು ಪಟ್ಟು ವೇಗವಾಗಿ ಓಡುತ್ತವೆ. ಬೈಸನ್ ಎಂದು ಕರೆಯುವ ಈ ಕಾಡೆಮ್ಮೆಯಿಂದ ಕನಿಷ್ಠ 23 ಮೀಟರ್, ಕರಡಿ ಮತ್ತು ತೋಳದಿಂದ 91 ಮೀಟರ್ ದೂರವಿರಬೇಕು ಎಂಬುದು ಉದ್ಯಾನದ ನಿಯಮ.

ಐಸ್‌ಲ್ಯಾಂಡ್‌ನ ಕರಿ ಮರಳಿನ ಕಡಲತೀರದಲ್ಲಿ ನೀರಿಗಿಳಿಯದೆ ದಡದಲ್ಲೇ ನಿಂತರೆ ಏನಾಗುತ್ತದೆ?

ರೇನಿಸ್‌ಫ್ಯಾರಾ ಎಂಬ ಆ ಕಡಲತೀರದಲ್ಲಿ ತೀರಿಕೊಂಡವರಲ್ಲಿ ಈಜಲು ಹೋದವರಿಗಿಂತ ದಡದಲ್ಲಿ ನಿಂತವರೇ ಹೆಚ್ಚು. ವೀಕ್ ಎಂಬ ಊರಿನ ಹತ್ತಿರದ ಈ ತೀರದಲ್ಲಿ ಬೆಟ್ಟದ ಮೈಗೆ ಕಂಬಗಳನ್ನು ಜೋಡಿಸಿ ನಿಲ್ಲಿಸಿದಂಥ ಬಸಾಲ್ಟ್ ಶಿಲೆ, ಕಡಲಲ್ಲಿ ಮೊನಚು ಬಂಡೆಗಳು. ನಮ್ಮ ಉಡುಪಿಯ ಸೇಂಟ್ ಮೇರಿ ದ್ವೀಪದ ಕಂಬಗಳನ್ನು ನೋಡಿದವರಿಗೆ ಅದರ ಹತ್ತಿರದ ನೆಂಟ ಸಿಕ್ಕಂತಾಗುತ್ತದೆ. ಎರಡೂ ಲಾವಾ ತಣಿದು ಬಿರಿದು ಆದವು.

ಅಪಾಯ ಇರುವುದು ಅಲೆಯ ಅಸಮ ಲಯದಲ್ಲಿ. ತೆರೆದ ಅಟ್ಲಾಂಟಿಕ್‌ನಲ್ಲಿ ಬಹು ದೂರದಿಂದ ತಡೆಯಿಲ್ಲದೆ ಬರುವ ಅಲೆಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ತೀರದ ಬಳಿಯೇ ಕಡಲ ತಳ ಕಡಿದಾಗಿ ಆಳಕ್ಕಿಳಿಯುವುದರಿಂದ ಅವುಗಳ ಬಲ ಕುಗ್ಗುವುದಿಲ್ಲ. ಹತ್ತು ನಿಮಿಷ ಸಣ್ಣ ಅಲೆ ಬಂದು ಹೋಗಿ, ಕಾಲಿಗೆ ತಾಕುವುದಿಲ್ಲ ಎಂಬ ಧೈರ್ಯ ಬಂದಾಗ ಒಂದು ದೊಡ್ಡ ಅಲೆ ದಡದ ಮೇಲೆ ಹತ್ತಾರು ಮೀಟರ್ ನುಗ್ಗುತ್ತದೆ. ಮರಳಿ ಹೋಗುವಾಗ ಕಾಲಡಿಯ ಕಲ್ಲು ಮರಳನ್ನೂ ಎಳೆದುಕೊಳ್ಳುತ್ತದೆ, ನಿಮ್ಮನ್ನೂ. ನೀರು ಹಿಮದಷ್ಟು ತಣ್ಣಗೆ, ಬಟ್ಟೆ ನೆಂದು ಭಾರ, ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. 2025ರ ಆಗಸ್ಟ್‌ನಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಹೀಗೆಯೇ ಕಡಲು ಕೊಂಡೊಯ್ದಿತು.

ಅಲ್ಲಿ ಹಸಿರು, ಹಳದಿ, ಕೆಂಪು ದೀಪದ ಕಂಬ ಇದೆ. ಕೆಂಪು ಇದ್ದರೆ ತೀರಕ್ಕೇ ಇಳಿಯಬೇಡಿ, ಮೇಲಿನಿಂದ ನೋಡಿ. ಹಸಿರು ಇದ್ದರೂ ಕಡಲಿಗೆ ಬೆನ್ನು ಹಾಕಬೇಡಿ. ಫೋಟೊ ತೆಗೆಯುವವರು ಒಬ್ಬರು, ಅಲೆ ನೋಡುವವರು ಇನ್ನೊಬ್ಬರು ಎಂದು ಮೊದಲೇ ಮಾತಾಡಿಕೊಳ್ಳಿ.

ನಮ್ಮ ಕರಾವಳಿಯಲ್ಲಿ ಬೇರೊಂದು ಅಪಾಯ: ಸೆಳೆತ. ಅಲೆ ಒಡೆಯದೆ ನೀರು ಶಾಂತವಾಗಿ ಕಾಣುವ ಪಟ್ಟಿಯಲ್ಲೇ ಅದು ಕಡಲೊಳಕ್ಕೆ ಎಳೆಯುತ್ತದೆ, ಗೊತ್ತಿಲ್ಲದವರು ಸುರಕ್ಷಿತವೆಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದತ್ತ ಎದುರೀಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರುಪಾಲಾದ ಸುದ್ದಿ ಇನ್ನೂ ಮರೆತಿಲ್ಲ. ಮಕ್ಕಳನ್ನು ಕರೆದೊಯ್ಯುವ ಪ್ರತಿಯೊಬ್ಬ ಶಿಕ್ಷಕರಿಗೂ ಈ ಸೆಳೆತ ಗುರುತಿಸಲು ಬರಬೇಕು.

ಟಾಂಜಾನಿಯಾದ ನ್ಯಾಟ್ರನ್ ಸರೋವರಕ್ಕೆ ಇಳಿದ ಹಕ್ಕಿಗಳು ಕಲ್ಲಾಗುತ್ತವಂತೆ?

ಇಲ್ಲ. ವಾಟ್ಸಾಪ್‌ನಲ್ಲಿ ತಿರುಗುವ ಆ ಚಿತ್ರಗಳು ಛಾಯಾಗ್ರಾಹಕ ನಿಕ್ ಬ್ರಾಂಟ್ ತೆಗೆದವು. ಸತ್ತು ದಡಕ್ಕೆ ಬಂದು, ಸೋಡಾ ಉಪ್ಪು ಹೆಪ್ಪುಗಟ್ಟಿ ಒಣಗಿದ ಹಕ್ಕಿಗಳನ್ನು ಅವರು ಜೀವಂತ ಇದ್ದಂತೆ ಕೊಂಬೆಯ ಮೇಲೆ, ನೀರಿನ ಮೇಲೆ ಇರಿಸಿ ತೆಗೆದದ್ದು. ನೀರು ಮುಟ್ಟಿದ ತಕ್ಷಣ ಯಾವ ಹಕ್ಕಿಯೂ ಕಲ್ಲಾಗುವುದಿಲ್ಲ.

ನಿಜ ಅದಕ್ಕಿಂತ ಸೊಗಸು. ನೀರು ಕಡು ಕ್ಷಾರ, ಪಿಎಚ್ 10ನ್ನೂ ಮೀರುತ್ತದೆ, ಬಿಸಿ ಕೆಲವೆಡೆ 60 ಡಿಗ್ರಿ ಮುಟ್ಟುತ್ತದೆ. ಆ ಕಾರಣಕ್ಕೇ ನರಿ, ಕತ್ತೆಕಿರುಬ ಅಲ್ಲಿಗೆ ಬರಲಾರವು. ಪೂರ್ವ ಆಫ್ರಿಕಾದ ಸಣ್ಣ ಫ್ಲೆಮಿಂಗೊಗಳಲ್ಲಿ ಬಹುಪಾಲು ಹುಟ್ಟುವುದು ಈ ಕೆರೆಯ ನಡುವಿನ ಉಪ್ಪಿನ ದಿಬ್ಬಗಳ ಮೇಲೆ. ನಮಗೆ ವಿಷವಾದದ್ದು ಆ ಮರಿಗಳಿಗೆ ಕೋಟೆ. ಪಕ್ಕದಲ್ಲೇ ಮಸಾಯಿ ಜನ ದೇವರ ಬೆಟ್ಟ ಎಂದು ಕರೆಯುವ ಓಲ್ ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿ ಇದೆ. ನೀವು ಮಾಡಬೇಕಾದ್ದು ಇಷ್ಟೇ: ನೀರಿಗೆ ಇಳಿಯಬೇಡಿ, ಕಣ್ಣಿಗೆ ಸಿಡಿಸಿಕೊಳ್ಳಬೇಡಿ, ಗೂಡು ಕಟ್ಟುವ ಕಾಲದಲ್ಲಿ ಡ್ರೋನ್ ಹಾರಿಸಬೇಡಿ.

ಇಥಿಯೋಪಿಯದ ಡನಾಕಿಲ್ ನೋಡಲೇಬೇಕೆಂಬ ಆಸೆ. ಹೋಗಬಹುದೇ?

ಇಡೀ ಪಟ್ಟಿಯಲ್ಲಿ ಇಷ್ಟು ಬೇರೆ ಲೋಕದಂತೆ ಕಾಣುವ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಭೂಮಿಯ ಹೊರಚಿಪ್ಪಿನ ಮೂರು ಫಲಕಗಳು ಒಂದರಿಂದೊಂದು ಸರಿದು ದೂರವಾಗುತ್ತಿರುವ ಜಾಗ, ಸಮುದ್ರಮಟ್ಟಕ್ಕಿಂತ 100 ಮೀಟರಿಗೂ ಕೆಳಗೆ. ಅಲ್ಲಿನ ಡಲ್ಲೋಲ್ ಎಂಬಲ್ಲಿ ಅರಿಶಿನ, ಪಾಚಿಹಸಿರು, ತುಕ್ಕುಗೆಂಪು ಬಣ್ಣದ ಉಪ್ಪಿನ ದಿಬ್ಬಗಳ ನಡುವೆ ಆಮ್ಲದ ಕೊಳಗಳು. ಗಂಧಕ, ಕಬ್ಬಿಣ, ಉಪ್ಪು ಸೇರಿ ಬಿಡಿಸಿದ ಚಿತ್ರ ಅದು. ಕೆಲವು ಕೊಳಗಳ ಪಿಎಚ್ ಸೊನ್ನೆಗಿಂತ ಕೆಳಗೆ. 1960ರ ದಶಕದಲ್ಲಿ ದಾಖಲಾದ ವರ್ಷದ ಸರಾಸರಿ ಉಷ್ಣತೆ 34 ಡಿಗ್ರಿಗಿಂತ ಹೆಚ್ಚು, ಜನ ನೆಲೆಸಿದ್ದ ಯಾವ ಊರಿನಲ್ಲೂ ಅಷ್ಟು ದಾಖಲಾಗಿಲ್ಲ. ಅಂಥ ಬಿಸಿಯಲ್ಲಿ ಅಫಾರ್ ಜನ ಉಪ್ಪಿನ ಹಲಗೆ ಕಡಿದು ಒಂಟೆಗೆ ಹೇರುತ್ತಾರೆ.

ಆದರೆ ಬಿಸಿಲು, ಆಮ್ಲ ಎರಡಕ್ಕಿಂತ ಮೊದಲು ಯೋಚಿಸಬೇಕಾದ್ದು ಮನುಷ್ಯರ ಬಗ್ಗೆ. 2012ರ ಜನವರಿಯಲ್ಲಿ ಎರ್ಟಾ ಆಲೆ ಜ್ವಾಲಾಮುಖಿಯ ಬಳಿ ಬಂದೂಕುಧಾರಿಗಳು ಐವರು ಪ್ರವಾಸಿಗಳನ್ನು ಕೊಂದರು. 2020ರಿಂದ 2022ರವರೆಗೆ ಪಕ್ಕದ ಟಿಗ್ರೇಯಲ್ಲಿ ಯುದ್ಧ ನಡೆಯಿತು. ಹೋಗುವ ತಿಂಗಳಲ್ಲಿ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಓದಿ, ಬೇಡ ಎಂದಿದ್ದರೆ ಬೇಡ. ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ, ಸ್ಥಳೀಯ ಅಫಾರ್ ಮಾರ್ಗದರ್ಶಿಗಳ ಜೊತೆಗೆ. ಕೊಳದ ಸುತ್ತಲಿನ ಉಪ್ಪಿನ ಪೊರೆ ಕುಸಿಯುತ್ತದೆ, ಅವರು ಇಟ್ಟಲ್ಲೇ ಹೆಜ್ಜೆ ಇಡಿ. ಎರ್ಟಾ ಆಲೆಯ ಲಾವಾ ಕೆರೆ ಯಾವಾಗಲೂ ಕಾಣುತ್ತದೆ ಎಂದು ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ.

ಅಲ್ಲಿಂದ ನಮಗೇನು ದೂರ ಅನ್ನಬೇಡಿ. 2025ರ ನವೆಂಬರ್‌ನಲ್ಲಿ ಅದೇ ಪ್ರದೇಶದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದಾಗ ಬೂದಿಯ ಮೋಡ ಅರಬ್ಬೀ ಸಮುದ್ರ ದಾಟಿ ಉತ್ತರ ಭಾರತದ ಆಕಾಶಕ್ಕೆ ಬಂತು, ನಮ್ಮ ದೇಶದ ವಿಮಾನಗಳೂ ರದ್ದಾದವು.

ಜ್ವಾಲಾಮುಖಿಗೆ 5ರಲ್ಲಿ 2ನೇ ಹಂತದ ಎಚ್ಚರಿಕೆ ಎಂದರೆ ಹೋಗಬಹುದಲ್ಲವೇ?

ಈ ಅಂಕಿ ಮೋಸ ಮಾಡುತ್ತದೆ, ದಯವಿಟ್ಟು ಗಮನವಿಟ್ಟು ಓದಿ. ನ್ಯೂಜಿಲ್ಯಾಂಡ್‌ನ ಅಳತೆಯಲ್ಲಿ 3, 4, 5 ಎಂದರೆ ಸ್ಫೋಟ ಆಗಲೇ ನಡೆಯುತ್ತಿದೆ ಎಂದರ್ಥ. ಸ್ಫೋಟಕ್ಕೆ ಮುಂಚಿನ ಅತಿ ಮೇಲಿನ ಹಂತವೇ 2. ವಕಾರಿ ದ್ವೀಪ 2019ರ ಡಿಸೆಂಬರ್ 9ರಂದು ಸಿಡಿದಾಗ ಎಚ್ಚರಿಕೆ ಇದ್ದದ್ದು 2ರಲ್ಲಿ. ದ್ವೀಪದ ಮೇಲೆ 47 ಜನರಿದ್ದರು, 22 ಜನ ಸತ್ತರು, ಉಳಿದವರಲ್ಲಿ ಹಲವರಿಗೆ ತೀವ್ರ ಸುಟ್ಟಗಾಯ. ಜಪಾನಿನ ಒಂಟಾಕೆ 2014ರ ಸೆಪ್ಟೆಂಬರ್‌ನಲ್ಲಿ ಸಿಡಿದಾಗ ಅಲ್ಲಿನ ಅಳತೆಯಲ್ಲಿ ಇದ್ದದ್ದು ಅತಿ ಕೆಳಗಿನ 1ನೇ ಹಂತ. ಎಲೆ ಕೆಂಪಾಗುವ ಕಾಲದ ಶನಿವಾರ, ಬೆಟ್ಟದ ತುಂಬ ಚಾರಣಿಗರು. ಸತ್ತವರು, ಕಾಣೆಯಾದವರು ಸೇರಿ 63 ಜನ.

ಎರಡೂ ಕಡೆ ನಡೆದದ್ದು ನೆಲದಡಿಯ ನೀರು ಒಮ್ಮೆಲೇ ಹಬೆಯಾಗಿ ಸಿಡಿಯುವ ಬಗೆ. ಅದು ಮುನ್ಸೂಚನೆ ಕೊಡುವುದು ಕಡಿಮೆ. ಆದ್ದರಿಂದ ಎಚ್ಚರಿಕೆಯ ಅಂಕಿ ಕೇಳಿ, ಜೊತೆಗೆ ಕುಳಿಯ ಬಳಿ ಎಷ್ಟು ಹೊತ್ತು ನಿಲ್ಲುತ್ತೀರಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬುತ್ತಿ ಬಿಚ್ಚುವ ಜಾಗ ಅದಲ್ಲ.

ಸುಮ್ಮನೆ ಮಲಗಿದ ಕೆರೆಯೂ ಕೊಲ್ಲುತ್ತದೆಯೇ?

ಕ್ಯಾಮರೂನ್‌ನ ನ್ಯೋಸ್ ಕೊಂದಿತು. ಹಸಿರು ಗುಡ್ಡಗಳ ನಡುವಿನ ನೀಲಿ ಕೆರೆ. ತಳದ ಜ್ವಾಲಾಮುಖಿಯಿಂದ ಒಸರಿದ ಇಂಗಾಲದ ಡೈಆಕ್ಸೈಡ್ ನೀರಿನ ಭಾರಕ್ಕೆ ಆಳದಲ್ಲೇ ಕರಗಿ ಕೂತಿತ್ತು, ಗೋಲಿ ಸೋಡಾದಲ್ಲಿ ಗ್ಯಾಸ್ ಕೂತಂತೆ. 1986ರ ಆಗಸ್ಟ್ 21ರ ರಾತ್ರಿ ಗೋಲಿ ಒತ್ತಿದ ಹಾಗಾಯಿತು. ಬಣ್ಣವಿಲ್ಲದ ಅನಿಲ ಕಣಿವೆಗಳಲ್ಲಿ ಇಳಿದು ಮಲಗಿದ್ದ 1,746 ಜನರ, ಸಾವಿರಾರು ದನಕರುಗಳ ಉಸಿರು ನಿಲ್ಲಿಸಿತು. 2001ರಿಂದ ಕೆರೆಯಲ್ಲಿ ಕೊಳವೆ ಇಳಿಸಿ ತಳದ ಅನಿಲವನ್ನು ಕಾರಂಜಿಯಂತೆ ಹೊರಬಿಡುತ್ತಿದ್ದಾರೆ.

ವಿಕ್ಟೋರಿಯಾ ಜಲಪಾತದ ತುದಿಯಲ್ಲಿ ಈಜುವ ವೀಡಿಯೊ ನಿಜವೇ?

ನಿಜ. ಜಾಂಬಿಯಾ ಕಡೆಯ ಡೆವಿಲ್ಸ್ ಪೂಲ್. 100 ಮೀಟರಿಗೂ ಎತ್ತರದ ಜಲಪಾತದ ನೆತ್ತಿಯಲ್ಲಿ ಬಂಡೆಯ ತುಟಿಯೊಂದು ನೀರನ್ನು ತಡೆಯುತ್ತದೆ. ನದಿ ಇಳಿದಿರುವ ತಿಂಗಳುಗಳಲ್ಲಿ, ಸುಮಾರು ಆಗಸ್ಟ್ ಕೊನೆಯಿಂದ ಜನವರಿ ಮೊದಲವರೆಗೆ, ಮಾರ್ಗದರ್ಶಿ ಜೊತೆಗಿದ್ದರೆ ಮಾತ್ರ.

ಬ್ರೆಜಿಲ್‌ನ ಹಾವಿನ ದ್ವೀಪಕ್ಕೆ?

ಪ್ರವಾಸಿಗಳಿಗೆ ಪ್ರವೇಶವಿಲ್ಲ. ಇರಲೂಬಾರದು. ಅಲ್ಲಿನ ಚಿನ್ನದ ಬಣ್ಣದ ಮಂಡಲ ಜಾತಿಯ ಹಾವು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರಿಂದ ನಮಗಿರುವ ಭಯಕ್ಕಿಂತ ನಮ್ಮಿಂದ ಅದಕ್ಕಿರುವ ಭಯ ದೊಡ್ಡದು.

ಅಮೆರಿಕದ ಡೆತ್ ವ್ಯಾಲಿಗೆ ಜುಲೈನಲ್ಲಿ ಹೋದರೆ?

1913ರ ಜುಲೈ 10ರಂದು 56.7 ಡಿಗ್ರಿ ದಾಖಲಾದ ಜಾಗ ಅದು. ಜುಲೈನಲ್ಲಿ ಹೋಗಬೇಡಿ. ಬೆವರು ಹುಟ್ಟಿದಲ್ಲೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡಿರಿ ಎಂದು ಗೊತ್ತೇ ಆಗುವುದಿಲ್ಲ. ತೀರಾ ಬಿಸಿಯಲ್ಲಿ ಗಾಳಿ ತೆಳುವಾಗಿ ರಕ್ಷಣಾ ಹೆಲಿಕಾಪ್ಟರ್ ಕೂಡ ಏರಲಾರದು. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆದು ಹೋಗಬೇಡಿ, ಹುಡುಕುವವರಿಗೆ ಮೊದಲು ಕಾಣುವುದು ಕಾರು.

ನಮ್ಮ ರಜೆಗಳಿಗೆ ಯಾವುದು ಹೊಂದುತ್ತದೆ?

ದಸರಾ ರಜೆಗೆ ಇಜೆನ್, ಡೆವಿಲ್ಸ್ ಪೂಲ್. ಮಕ್ಕಳ ಬೇಸಿಗೆ ರಜೆಯ ಮೇ ಕೊನೆಯ ಭಾಗಕ್ಕೆ ಯೆಲ್ಲೋಸ್ಟೋನ್. ಕ್ರಿಸ್‌ಮಸ್ ಹೊತ್ತಿಗೆ ಡೆತ್ ವ್ಯಾಲಿ. ಮೊದಲ ಸಲ ಹೊರಡುವವರು ಯೆಲ್ಲೋಸ್ಟೋನ್ ಆರಿಸಿಕೊಳ್ಳಿ, ಅಲ್ಲಿ ಎಲ್ಲಿ ನಡೆಯಬೇಕು ಎಂಬುದನ್ನು ಹಲಗೆಯೇ ಹೇಳುತ್ತದೆ.

ವಿಮೆ, ಲಸಿಕೆ?

ಸಾಮಾನ್ಯ ಪ್ರವಾಸ ವಿಮೆಯಲ್ಲಿ ಜ್ವಾಲಾಮುಖಿ ಏರುವುದು, ಸಾಹಸ ಕ್ರೀಡೆ ಇವನ್ನು ಹೊರಗಿಟ್ಟಿರುವುದು ಸಾಮಾನ್ಯ. ಸಣ್ಣ ಅಕ್ಷರ ಓದಿ, ಹೆಲಿಕಾಪ್ಟರ್ ಸಾಗಣೆ ಸೇರಿದೆಯೇ ನೋಡಿ. ಸರ್ಕಾರ ಹೋಗಬೇಡಿ ಎಂದ ಕಡೆ ಹೋದರೆ ಹಣ ಕೈಗೆ ಬರದೇ ಇರಬಹುದು. ಇಥಿಯೋಪಿಯಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಿ. ಅದಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಸಕ್ಕೆ ಕಳಿಸುತ್ತಾರೆ.

ಇಷ್ಟು ದೂರ ಹೋಗಲಾಗದು. ನಮ್ಮಲ್ಲಿ ಇಂಥವು ಇಲ್ಲವೇ?

ಮಳೆಗಾಲದ ಪಶ್ಚಿಮ ಘಟ್ಟ ಇದೆಯಲ್ಲ. 253 ಮೀಟರ್ ಧುಮುಕುವ ಜೋಗವನ್ನು ವೀಕ್ಷಣಾ ಜಾಗದಿಂದ ನೋಡಿದರೆ ಕಣ್ಣು ತುಂಬುತ್ತದೆ, ಕೆಳಗಿಳಿಯಬೇಕಿಲ್ಲ. ನನಗೆ ಭಯವಿರುವುದು ಹೆಸರೂ ಬೇಲಿಯೂ ಇಲ್ಲದ ಸಣ್ಣ ಜಲಪಾತಗಳ ಬಗ್ಗೆ. ಪಾಚಿ ಕಟ್ಟಿದ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿಯಲ್ಲಿ ಬಂಡೆಯ ತುದಿಯಲ್ಲಿ ನಿಂತು ನೀರು ನೋಡುತ್ತಿದ್ದ ಯುವಕನೊಬ್ಬ ಕಾಲು ಜಾರಿ ಕೊಚ್ಚಿಹೋದ, ಸ್ನೇಹಿತ ವೀಡಿಯೊ ಮಾಡುತ್ತಿದ್ದ ಹಾಗೆಯೇ.

ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಅರ್ಧ ಗಂಟೆಯಲ್ಲಿ ಹಳ್ಳಕ್ಕೆ ಬರಬಹುದು. ಇಳಿಯುವ ಮೊದಲು ಊರಿನವರನ್ನು ಕೇಳಿ. ತಿಳಿಯಾಗಿದ್ದ ನೀರು ಕೆಂಪಗೆ ಕದಡಿದರೆ, ತರಗೆಲೆ ಕಸಕಡ್ಡಿ ತೇಲಿ ಬರತೊಡಗಿದರೆ, ಮೇಲಿನಿಂದ ಭೋರ್ಗರೆತ ಏರಿದ ಹಾಗೆ ಕೇಳಿದರೆ ಬಟ್ಟೆ, ಬ್ಯಾಗು ಅಲ್ಲೇ ಬಿಟ್ಟು ನೀವಿರುವ ಕಡೆಯ ದಡವನ್ನೇ ಹತ್ತಿ. ಕಾರು ಆಚೆ ದಡದಲ್ಲಿದ್ದರೂ ಹಳ್ಳ ದಾಟಬೇಡಿ.